ಆರ್ಗ್ಯಾನಿಕ್ ವೈನ್ ಅಂದ್ಮೇಲೆ ಮೈಲುತುತ್ತ ಯಾಕೆ, ಸಲ್ಫೈಟ್ ಯಾಕೆ, ತಳದಲ್ಲಿ ಹರಳು ಯಾಕೆ?

ಓದುಗರ ಪ್ರಶ್ನೆ: ನಮಸ್ಕಾರ ಸರ್. ನಾವು ಇಟಲಿಯ ಬೊಲೊನ್ಯಾದಲ್ಲಿ ಇದೀವಿ. ಹೋದ ಜೂನ್‌ನಲ್ಲಿ ಮಾರ್ಕೆ ಪ್ರಾಂತ್ಯದ ಯೇಸಿ ಹತ್ರ, ಗುಡ್ಡದ ಮೇಲಿರೋ ಒಂದು ಚಿಕ್ಕ ವೈನರಿಗೆ ಹೋಗಿದ್ವಿ. ಅಪ್ಪ, ಮಗಳು, ಅಳಿಯ ಮೂವರೇ ನಡೆಸೋದು, ಪೂರ್ತಿ ಆರ್ಗ್ಯಾನಿಕ್ ಅಂದ್ರು. ವೆರ್ದಿಕ್ಕಿಯೊ ಅನ್ನೋ ವೈಟ್ ವೈನ್, 2024ರ ಬೆಳೆಯದ್ದು, 6 ಬಾಟಲಿ ತಂದ್ವಿ, ಒಂದಕ್ಕೆ 11 ಯೂರೋ. ಈಗ ಅನುಮಾನ ಶುರುವಾಗಿದೆ. ಒಂದು ಬಾಟಲಿ ಮೂರು ವಾರ ಫ್ರಿಜ್‌ನಲ್ಲಿತ್ತು, ಅದರ ತಳದಲ್ಲಿ ಗಾಜಿನ ಚೂರಿನ ಥರ ಏನೋ ಹೊಳೀತಾ ಇದೆ. ಅಡುಗೆಮನೆ ಶೆಲ್ಫ್ ಮೇಲಿದ್ದ ಇನ್ನೊಂದು ಮಬ್ಬಾಗಿದೆ. ಲೇಬಲ್ ಮೇಲೆ 'ಕೊಂತಿಯೇನೆ ಸೊಲ್ಫೀತಿ', ಅಂದ್ರೆ ಸಲ್ಫೈಟ್ (ವೈನ್ ಕೆಡದ ಹಾಗೆ ಕಾಯೋ ಗಂಧಕದ ಪದಾರ್ಥ) ಇದೆ ಅಂತ ಬರ್ದಿದೆ. ನಮ್ಮ ಭಾವ ಅದನ್ನ ನೋಡಿ, ನಿಜವಾದ ಆರ್ಗ್ಯಾನಿಕ್‌ನಲ್ಲಿ ಸಲ್ಫೈಟ್ ಇರೋದೇ ಇಲ್ಲ, ತಲೆನೋವು ಬರೋದೇ ಅದರಿಂದ, ನಿಮಗೆ ಟೋಪಿ ಹಾಕಿದ್ದಾರೆ ಅಂದ್ರು. ನಮ್ಮ ಮನೆಯವರು ಶಿರಸಿ ಕಡೆಯ ಅಡಿಕೆ ತೋಟದವರು, ದ್ರಾಕ್ಷಿ ಎಲೆ ಮೇಲಿನ ನೀಲಿ ಕಲೆ ನೋಡಿ ಇದು ಮೈಲುತುತ್ತನೇ (ತಾಮ್ರದ ಸಲ್ಫೇಟ್) ಅಂತ ಅವತ್ತೇ ಹೇಳಿದ್ರು. ನಾವು ಸಸ್ಯಾಹಾರಿಗಳು, ಮೊಟ್ಟೆನೂ ತಿನ್ನಲ್ಲ, ವೈನ್‌ಗೆ ಮೀನು ಮೊಟ್ಟೆ ಹಾಕ್ತಾರೆ ಅಂತ ಎಲ್ಲೋ ಓದಿ ಇನ್ನೂ ಗಾಬರಿ ಆಗಿದೆ. ಡಿಸೆಂಬರ್‌ಗೆ ಊರಿಗೆ ಹೋಗ್ತೀವಿ, ಮಾವನವರಿಗೆ ಎರಡು ಬಾಟಲಿ ಒಯ್ಯೋಣ ಅಂತ ಇವರ ಆಸೆ, ಆದ್ರೆ ಮಾವನವರಿಗೆ ಉಬ್ಬಸ ಇದೆ. ಏನು ಮಾಡ್ಲಿ?

ಉತ್ತರ:

ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆ ಇದ್ರೂ ಒಳಗಿರೋ ಸಂಕಟ ಒಂದೇ, ನಂಬಿ ತಗೊಂಡ್ವಲ್ಲ, ಮೋಸ ಹೋದ್ವಾ ಅಂತ. ನೀವು ಬರೆದಿರೋದರಲ್ಲಿ ಮೋಸದ ಗುರುತು ನನಗೆ ಒಂದೂ ಕಾಣಿಸ್ಲಿಲ್ಲ. ಹರಳು, ನೀಲಿ ಕಲೆ, ಸಲ್ಫೈಟ್ ಅನ್ನೋ ಸಾಲು ಈ ಮೂರೂ ಸರಿಯಾಗಿ ಮಾಡಿದ ಆರ್ಗ್ಯಾನಿಕ್ ವೆರ್ದಿಕ್ಕಿಯೊದಲ್ಲಿ ಇರೋವೇ. ಮಬ್ಬಾಗಿರೋ ಬಾಟಲಿ ಮಾತ್ರ ತೆಗೆದು ನೋಡ್ಬೇಕು. ಮೀನು ಮೊಟ್ಟೆ ವಿಷಯಕ್ಕೆ ನೀವು ಗಾಬರಿ ಆಗಿರೋದು ಸರಿಯಾಗೇ ಇದೆ, ಯಾಕಂದ್ರೆ ಅದನ್ನ ಲೇಬಲ್ ಪೂರ್ತಿ ಹೇಳಲ್ಲ, ಆರ್ಗ್ಯಾನಿಕ್ ಮುದ್ರೆನೂ ಹೇಳಲ್ಲ. ನಾನು ವೈನ್ ತಯಾರಿಕೆ ಕೆಲಸ ಮಾಡ್ತಿರೋದು ಮಾರ್ಕೆ ಮತ್ತು ವೆನೆತೊ ಕಡೆಯ ಇಂಥದೇ ಮನೆಮಂದಿ ಸೆಲ್ಲರ್‌ಗಳಲ್ಲಿ (ವೈನ್ ಮಾಡಿ ಇಡೋ ಜಾಗ), ಹಾಗಾಗಿ ಕಂಡಿದ್ದನ್ನ ಕಂಡ ಹಾಗೆ ಹೇಳ್ತೀನಿ.

ಮೊದಲು ಹರಳು, ಯಾಕಂದ್ರೆ ಗಾಜು ಅನ್ನೋ ಭಯ ಇದ್ರೆ ಬೇರೆ ಏನೂ ತಲೆಗೆ ಹೋಗಲ್ಲ. ದ್ರಾಕ್ಷಿಯ ಹುಳಿಗೆ ಮುಖ್ಯ ಕಾರಣ ಟಾರ್ಟಾರಿಕ್ ಆಮ್ಲ, ನಮ್ಮ ಹುಣಸೆಹಣ್ಣಿನಲ್ಲಿರೋ ಹುಳಿನೂ ಅದೇ. ದ್ರಾಕ್ಷಿ ರಸದಲ್ಲಿ ಪೊಟ್ಯಾಸಿಯಂ ಕೂಡ ಬೇಕಾದಷ್ಟಿರುತ್ತೆ, ಇವೆರಡೂ ಸೇರಿ ಒಂದು ಉಪ್ಪಾಗುತ್ತೆ, ಈ ಉಪ್ಪು ಆಲ್ಕೋಹಾಲ್ ಇರೋ ಕಡೆ ಕಡಿಮೆ ಕರಗುತ್ತೆ, ತಣ್ಣಗಾದ್ರೆ ಇನ್ನೂ ಕಡಿಮೆ, ಹಾಗಾಗಿ ಫ್ರಿಜ್‌ನಲ್ಲಿ ವಾರಗಟ್ಟಲೆ ಕೂತ ಬಾಟಲಿಯಲ್ಲಿ ಕರಗದೆ ಉಳಿದಿದ್ದು ಹರಳಾಗಿ ತಳಕ್ಕೆ ಇಳಿಯುತ್ತೆ. ಬೇಕಿಂಗ್ ಮಾಡೋರು ಅಂಗಡಿಯಿಂದ ತರೋ ಕ್ರೀಮ್ ಆಫ್ ಟಾರ್ಟರ್ ಇದೇ ವಸ್ತು, ಅದನ್ನ ತಯಾರಿಸೋದೂ ವೈನ್ ಸೆಲ್ಲರ್‌ಗಳಲ್ಲಿ ಉಳಿಯೋ ಈ ಹರಳಿನಿಂದಲೇ. ವೆರ್ದಿಕ್ಕಿಯೊ ಮೊದಲೇ ಹುಳಿ ಜಾಸ್ತಿ ಇರೋ ತಳಿ, ಅದಕ್ಕೇ ಇದರಲ್ಲಿ ಹರಳು ಹೆಚ್ಚು. ಚಳಿಗಾಲ ಮುಗಿದ ಮೇಲೆ ಇಲ್ಲಿನ ಹಳೇ ಸಿಮೆಂಟ್ ಟ್ಯಾಂಕ್ ಖಾಲಿ ಮಾಡಿ, ಕೆಳಗಿನ ಸಣ್ಣ ಬಾಗಿಲಿಂದ ತಲೆ ತೂರಿಸಿ ಟಾರ್ಚ್ ಬಿಟ್ರೆ ಗೋಡೆ ಪೂರ್ತಿ ಅಭ್ರಕ ಮೆತ್ತಿದ ಹಾಗೆ ಮಿಣಮಿಣ ಅಂತಿರುತ್ತೆ, ಕೈಯಲ್ಲಿ ಉಜ್ಜಿದ್ರೆ ಪುಡಿಪುಡಿಯಾಗಿ ಉದುರುತ್ತೆ, ಆಮೇಲೆ ಬಿಸಿನೀರು ಬಿಟ್ಟು ತೊಳೀತಾರೆ. ನಿಮ್ಮ ಬಾಟಲಿ ತಳದಲ್ಲಿರೋದು ಅದರದೇ ಒಂದು ಚಿಟಿಕೆ.

ದೊಡ್ಡ ಕಂಪನಿಗಳ ವೈನ್‌ನಲ್ಲಿ ಇದು ಯಾಕೆ ಕಾಣಲ್ಲ ಅಂತ ಕೇಳಬಹುದು. ಅವರು ಬಾಟಲಿಗೆ ತುಂಬೋ ಮುಂಚೆನೇ ವೈನನ್ನ ಸೊನ್ನೆಗಿಂತ ಕೆಳಗೆ, ಸುಮಾರು ಮೈನಸ್ 4 ಡಿಗ್ರಿವರೆಗೆ, ಕೆಲವು ದಿನ ತಣ್ಣಗಿಟ್ಟು ಹರಳನ್ನ ಟ್ಯಾಂಕಲ್ಲೇ ಇಳಿಸಿಬಿಡ್ತಾರೆ, ಅಥವಾ ಹರಳು ಕಟ್ಟದ ಹಾಗೆ ತಡೆಯೋ ಅಂಟಿನಂಥ ಪದಾರ್ಥ ಸೇರಿಸ್ತಾರೆ, ಅಥವಾ ವಿದ್ಯುತ್ ಹಾಯಿಸಿ ಆ ಉಪ್ಪನ್ನೇ ಎಳೆದು ತೆಗೆಯೋ ಮೆಷಿನ್ ಇಟ್ಕೊಂಡಿರ್ತಾರೆ. ಯೂರೋಪಿನ ಆರ್ಗ್ಯಾನಿಕ್ ನಿಯಮದಲ್ಲಿ ತಣ್ಣಗಿಡೋದಕ್ಕೆ ಒಪ್ಪಿಗೆ ಇದೆ, ಆ ವಿದ್ಯುತ್ ಮೆಷಿನ್ನಿಗೆ ಇಲ್ಲ, ಸೆಲ್ಯುಲೋಸ್‌ನಿಂದ ಮಾಡಿದ ಅಂಟಿಗೂ ಇಲ್ಲ. ಅಷ್ಟು ದಿನ ಟ್ಯಾಂಕ್ ತಣ್ಣಗಿಡೋಕೆ ಕರೆಂಟ್ ಬಿಲ್ ಎಷ್ಟು ಬರುತ್ತೆ ಅಂತ ಮೂರು ಜನರ ವೈನರಿಗೆ ಚೆನ್ನಾಗಿ ಗೊತ್ತು, ಅದಕ್ಕೇ ಬಹಳ ಜನ ಚಳಿಗಾಲದಲ್ಲಿ ಸೆಲ್ಲರ್ ಬಾಗಿಲು ತೆಗೆದಿಟ್ಟು ಎಷ್ಟು ಇಳಿಯುತ್ತೋ ಇಳೀಲಿ ಅಂತ ಬಿಡ್ತಾರೆ. ಉಳಿದಿದ್ದು ನಿಮ್ಮ ಫ್ರಿಜ್‌ನಲ್ಲಿ ಇಳಿಯುತ್ತೆ.

ಗಾಜಲ್ಲ ಅಂತ ಖಾತ್ರಿ ಬೇಕಂದ್ರೆ ಹೀಗೆ ಮಾಡಿ. ವೈನನ್ನ ಬೇರೆ ಪಾತ್ರೆಗೆ ಬಗ್ಗಿಸಿ, ತಳದ ಹರಳನ್ನ ಒಂದು ಸ್ಟೀಲ್ ಲೋಟಕ್ಕೆ ಹಾಕಿ, ಕುದಿಯೋ ನೀರು ಸ್ವಲ್ಪ ಸ್ವಲ್ಪ ಹಾಕ್ತಾ ಚಮಚದಲ್ಲಿ ತಿರುಗಿಸಿ. ಈ ಹರಳು ಕರಗಿಹೋಗುತ್ತೆ, ಗಾಜು ಕರಗಲ್ಲ. ಬಾಟಲಿಯ ಕತ್ತು ಒಡೆದಿದ್ರೆ, ಬಾಯಿ ಹತ್ರ ಚಕ್ಕೆ ಎದ್ದಿದ್ರೆ ಈ ಪರೀಕ್ಷೆಗೂ ಹೋಗ್ಬೇಡಿ, ಹಾಗೇ ಚೆಲ್ಲಿಬಿಡಿ. ಕರಗಿದ್ರೆ ಚಿಂತೆ ಇಲ್ಲ, ಮುಂದಿನ ಸಲ ಬಾಟಲಿಯನ್ನ ಒಂದು ದಿನ ನೆಟ್ಟಗೆ ನಿಲ್ಲಿಸಿ, ನಿಧಾನಕ್ಕೆ ಬಗ್ಗಿಸಿ, ಕೊನೆಯ ಒಂದು ಬೆರಳಷ್ಟು ಬಿಟ್ಟುಬಿಡಿ, ಇಲ್ಲಾ ಟೀ ಸೋಸೋ ಜಾಲರಿಯಲ್ಲಿ ಸೋಸಿಕೊಳ್ಳಿ.

ಮಬ್ಬಿನ ಕಥೆ ಬೇರೆ, ಅದಕ್ಕೆ ಕಾರಣ ಹಲವು. ಬಿಸಿಗೆ ಸಿಕ್ಕಿದ ವೈಟ್ ವೈನ್‌ನಲ್ಲಿ ದ್ರಾಕ್ಷಿಯದೇ ಪ್ರೋಟೀನ್ ಒಡೆದು ತೆಳ್ಳಗೆ ಮೋಡದ ಥರ ಎಳೀಬಹುದು, ಬೊಲೊನ್ಯಾದ ಜುಲೈ ಆಗಸ್ಟ್ ಸೆಖೆಯಲ್ಲಿ ಒಲೆ ಹತ್ರದ ಶೆಲ್ಫ್ ಮೇಲಿದ್ದ ಬಾಟಲಿಗೆ ಇದೇ ಆಗಿರೋ ಸಾಧ್ಯತೆ ಹೆಚ್ಚು. ನೋಡೋಕೆ ಚೆನ್ನಾಗಿಲ್ಲ, ಕುಡಿಯೋಕೆ ತೊಂದರೆ ಇಲ್ಲ. ಆಮೇಲೆ ಕೆಲವರು ಫಿಲ್ಟರ್ ಮಾಡದೇ ತುಂಬ್ತಾರೆ, ಆಗ ಸತ್ತ ಯೀಸ್ಟ್‌ನ ಪುಡಿ ಅಲುಗಾಡಿಸಿದಾಗ ಮೇಲೆದ್ದು ಎರಡು ದಿನ ನಿಲ್ಲಿಸಿದ್ರೆ ಕೂತುಬಿಡುತ್ತೆ, ಅದೂ ಪರವಾಗಿಲ್ಲ. ತಲೆ ಕೆಡಿಸ್ಕೊಬೇಕಾಗಿರೋದು ಬಾಟಲಿಯೊಳಗೆ ಮತ್ತೆ ಹುದುಗು ಶುರುವಾಗಿದ್ರೆ ಮಾತ್ರ. ಕಾರ್ಕ್ ಮೇಲಕ್ಕೆ ಉಬ್ಬಿದೆಯಾ ನೋಡಿ, ತೆಗೆದಾಗ ಗುಳ್ಳೆ ಬರುತ್ತಾ, ಹುಳಿ ಹಿಟ್ಟಿನ ಥರ ಅಥವಾ ವಿನೆಗರ್ ಥರ ವಾಸನೆ ಇದೆಯಾ ನೋಡಿ. ಇದ್ರೆ ಅದನ್ನ ಕುಡೀಬೇಡಿ, ಫೋಟೋ ತೆಗೆದು, ಲೇಬಲ್ ಮೇಲೆ ಎಲ್ ಅಕ್ಷರದ ಮುಂದಿರೋ ಲಾಟ್ ನಂಬರ್ ಸಮೇತ ಅವರಿಗೆ ಕಳಿಸಿ. ಇಂಥ ದೂರು ಬಂದ್ರೆ ಮನೆಮಂದಿ ವೈನರಿಯವರು ಮುಚ್ಚಿಡೋದಕ್ಕಿಂತ ಬದಲಿ ಬಾಟಲಿ ಕಳಿಸೋದನ್ನೇ ನಾನು ಹೆಚ್ಚು ಕಂಡಿದ್ದೀನಿ, ಯಾಕಂದ್ರೆ ಒಂದು ಟ್ಯಾಂಕ್ ಕೆಟ್ಟಿದ್ರೆ ಅದು ಮೊದಲು ಗೊತ್ತಾಗಬೇಕಾಗಿರೋದು ಅವರಿಗೇ.

ಈಗ ಭಾವನವರ ಮಾತು. ಸಲ್ಫೈಟ್ ಸೇರಿಸದೇ ವೈನ್ ಮಾಡೋರು ಇದ್ದಾರೆ, ಆದ್ರೆ 'ಸೇರಿಸದೇ' ಬೇರೆ, 'ಇಲ್ಲದೇ' ಬೇರೆ. ಹುದುಗು ಬರೋವಾಗ ಯೀಸ್ಟ್ ತಾನೇ ಸ್ವಲ್ಪ ಸಲ್ಫೈಟ್ ಉತ್ಪಾದಿಸುತ್ತೆ. ಯೂರೋಪಿನಲ್ಲಿ ಲೀಟರಿಗೆ 10 ಮಿಲಿಗ್ರಾಂ ದಾಟಿದ್ರೆ ಆ ಎಚ್ಚರಿಕೆ ಸಾಲು ಹಾಕಲೇಬೇಕು, ಹಾಗಾಗಿ ಒಂದು ಚಿಟಿಕೆ ಹಾಕದೇ ಇರೋರ ಬಾಟಲಿ ಮೇಲೂ ಎಷ್ಟೋ ಸಲ ಅದು ಬರುತ್ತೆ. ಯೂರೋಪಿನಲ್ಲಿ 'ಆರ್ಗ್ಯಾನಿಕ್ ವೈನ್' ಅಂತ ಬರ್ಕೊಳ್ಳೋಕೆ ಅವಕಾಶ ಸಿಕ್ಕಿದ್ದೇ 2012ರ ಬೆಳೆಯಿಂದ, ಅದಕ್ಕೂ ಮುಂಚೆ ಆರ್ಗ್ಯಾನಿಕ್ ದ್ರಾಕ್ಷಿಯಿಂದ ಮಾಡಿದ್ದು ಅಂತ ಮಾತ್ರ ಹಾಕಬಹುದಿತ್ತು, ಸೆಲ್ಲರ್ ಒಳಗೆ ಏನು ನಡೀತು ಅನ್ನೋದಕ್ಕೆ ಆರ್ಗ್ಯಾನಿಕ್ ನಿಯಮವೇ ಇರಲಿಲ್ಲ. 2012ರ ನಿಯಮ ಸಲ್ಫೈಟನ್ನ ನಿಷೇಧ ಮಾಡಲಿಲ್ಲ, ಮಿತಿ ಇಳಿಸ್ತು. ಸಿಹಿ ಇಲ್ಲದ ಸಾಮಾನ್ಯ ವೈಟ್ ವೈನ್‌ಗೆ ಲೀಟರಿಗೆ 200 ಮಿಲಿಗ್ರಾಂ ಮಿತಿ, ಅದೇ ಆರ್ಗ್ಯಾನಿಕ್ ಆಗಿದ್ದು ಸಕ್ಕರೆ ಅಂಶ 2 ಗ್ರಾಂಗಿಂತ ಕಡಿಮೆ ಇದ್ರೆ 150. ಒಳ್ಳೆ ಮನೆತನದ ವೈನರಿಗಳು ಇದಕ್ಕಿಂತ ಸಾಕಷ್ಟು ಕೆಳಗೇ ನಿಲ್ಲಿಸ್ತಾರೆ. ರೆಡ್ ವೈನ್‌ಗೆ ಸಿಪ್ಪೆಯ ಒಗರು ಒಂದು ರಕ್ಷಣೆ ಕೊಡುತ್ತೆ, ವೈಟ್‌ಗೆ ಅದು ಇಲ್ಲ, ಗಾಳಿ ಸೋಕಿದ್ರೆ ಹೆಚ್ಚಿಟ್ಟ ಸೇಬಿನ ಹಾಗೆ ಕಂದು ತಿರುಗುತ್ತೆ. ಏನೂ ಹಾಕದೇ ಮಾಡಿದ ವೈಟ್ ವೈನ್ ಅದ್ಭುತವಾಗಿ ಬರಬಹುದು, ಅದೇ ಬಾಟಲಿ ಬೇಸಿಗೆಯಲ್ಲಿ ಎರಡು ದಿನ ಕಾರ್ ಡಿಕ್ಕಿಯಲ್ಲಿದ್ರೆ ಹಾಳಾಗಿಯೂ ಹೋಗಬಹುದು.

ತಲೆನೋವಿಗೆ ಸಲ್ಫೈಟ್ ಕಾರಣ ಅನ್ನೋದು ಬಹಳ ಹಳೇ ನಂಬಿಕೆ, ಲೆಕ್ಕ ಹಾಕಿದ್ರೆ ನಿಲ್ಲಲ್ಲ. ಲೀಟರಿಗೆ 100 ಮಿಲಿಗ್ರಾಂ ಇರೋ ವೈನ್‌ನ 125 ಮಿಲಿಯ ಒಂದು ಗ್ಲಾಸಿನಲ್ಲಿ ಸಲ್ಫೈಟ್ ಹನ್ನೆರಡೂವರೆ ಮಿಲಿಗ್ರಾಂ. ಯೂರೋಪಿನಲ್ಲಿ ಒಣದ್ರಾಕ್ಷಿಗೆ, ಒಣ ಆಪ್ರಿಕಾಟ್‌ಗೆ ಕಿಲೋಗೆ 2000 ಮಿಲಿಗ್ರಾಂವರೆಗೆ ಬಿಡ್ತಾರೆ, ಅಂದ್ರೆ ಬಣ್ಣ ಕೆಡದೇ ಹೊಳೆಯೋ ಒಂದು ಹಿಡಿ ಆಪ್ರಿಕಾಟ್, 50 ಗ್ರಾಂ, ಮಿತಿ ತುಂಬಾ ಇದ್ರೆ 100 ಮಿಲಿಗ್ರಾಂ. ಅದನ್ನ ತಿಂದು ತಲೆನೋವು ಬರದೇ ಇರೋರಿಗೆ ಒಂದು ಗ್ಲಾಸ್ ವೈನ್‌ನಿಂದ ಬಂದ್ರೆ ಮೊದಲು ಅನುಮಾನ ಪಡಬೇಕಾಗಿರೋದು ಆಲ್ಕೋಹಾಲ್ ಮೇಲೆ, ಖಾಲಿ ಹೊಟ್ಟೆ ಮೇಲೆ, ನೀರು ಕುಡಿಯದೇ ಇರೋದರ ಮೇಲೆ. ಆರ್ಗ್ಯಾನಿಕ್ ಆದ್ರೂ ಇದರಲ್ಲಿ ಆಲ್ಕೋಹಾಲ್ ಶೇಕಡಾ 12-13 ಇರುತ್ತೆ, ಆರೋಗ್ಯಕ್ಕೆ ಒಳ್ಳೇದು ಅಂತ ಯಾರಾದ್ರೂ ಮಾರಿದ್ರೆ ಆ ಮಾತನ್ನ ತಗೋಬೇಡಿ.

ಆದ್ರೆ ಉಬ್ಬಸದ ವಿಷಯದಲ್ಲಿ ಭಾವನವರ ಎಚ್ಚರಿಕೆಗೆ ಬೆಲೆ ಇದೆ. ಉಬ್ಬಸ ಇರೋರಲ್ಲಿ ಕೆಲವರಿಗೆ ಸಲ್ಫೈಟ್ ನಿಜವಾಗ್ಲೂ ಆಗಲ್ಲ, ಉಸಿರು ಕಟ್ಟುತ್ತೆ, ಆ ಎಚ್ಚರಿಕೆ ಸಾಲು ಇರೋದೇ ಅಂಥವರಿಗಾಗಿ. ಕಡಿಮೆ ಇದೆ ಅನ್ನೋದು ಅವರಿಗೆ ಧೈರ್ಯ ಕೊಡೋ ಮಾತಲ್ಲ. ಮಾವನವರನ್ನ ನೋಡೋ ಡಾಕ್ಟರನ್ನ ಕೇಳದೇ ಕೊಡ್ಬೇಡಿ. ಒಣದ್ರಾಕ್ಷಿ, ಪ್ಯಾಕೆಟ್ ಜ್ಯೂಸ್, ಉಪ್ಪಿನಕಾಯಿ ತಿಂದಾಗ ಯಾವತ್ತಾದ್ರೂ ಎದೆ ಬಿಗಿದಿತ್ತಾ ಅಂತ ಮನೆಯಲ್ಲಿ ಕೇಳಿಟ್ಕೊಂಡು ಡಾಕ್ಟರಿಗೆ ಹೇಳಿದ್ರೆ ಅವರಿಗೂ ಸುಲಭ.

ನೀಲಿ ಕಲೆಗೆ ಬರೋಣ. ನಿಮ್ಮ ಮನೆಯವರು ಹೇಳಿದ್ದು ಸರಿ, ಅದು ಮೈಲುತುತ್ತನೇ. ಅಡಿಕೆಗೆ ಕೊಳೆ ತರೋ ಜೀವಿ, ದ್ರಾಕ್ಷಿಗೆ ಪೆರೊನೊಸ್ಪೊರ ಅನ್ನೋ ಬೂಜು ರೋಗ ತರೋ ಜೀವಿ, ಎರಡೂ ಒಂದೇ ಬಳಗದವು, ಎಲೆ ಮೇಲೆ ನೀರಿನ ಪಸೆ ಇದ್ರೆ ಅದರಲ್ಲಿ ಈಜಿಕೊಂಡು ಹೋಗಿ ಒಳಗೆ ಇಳಿಯೋ ಜಾತಿ. ದ್ರಾಕ್ಷಿಯ ಈ ರೋಗ ಅಮೆರಿಕದಿಂದ ಫ್ರಾನ್ಸಿಗೆ ಬಂದಿದ್ದು 1878ರ ಸುಮಾರಿಗೆ, ಮೈಲುತುತ್ತ ಸುಣ್ಣ ಬೆರೆಸಿದ ದ್ರಾವಣ ಇದನ್ನ ತಡೆಯುತ್ತೆ ಅಂತ ಬೋರ್ಡೋ ಊರಿನ ಪ್ರೊಫೆಸರ್ ಮಿಲಾರ್ದೆ 1885ರಲ್ಲಿ ಪ್ರಕಟಿಸಿದ್ರು. ಅದೇ ದ್ರಾವಣವನ್ನ ಮುಂದೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಕೊಳೆರೋಗದ ಮೇಲೆ ಕೆಲಸ ಮಾಡೋವಾಗ ಮಲೆನಾಡಿನ ಅಡಿಕೆಗೆ ತಂದ್ರು. ನಿಮ್ಮ ಮನೆಯವರು ಶಿರಸಿಯಲ್ಲಿ ಕಂಡಿದ್ದನ್ನೇ ಯೇಸಿಯಲ್ಲಿ ಕಂಡಿದ್ದು, ಬೋರ್ಡೋ ದ್ರಾವಣ ಅನ್ನೋ ಹೆಸರಲ್ಲೇ ಇದೆಯಲ್ಲ, ಅದು ದ್ರಾಕ್ಷಿ ತೋಟದಿಂದಲೇ ಬಂದ ಔಷಧಿ.

ಆರ್ಗ್ಯಾನಿಕ್ ಅಂದ್ರೆ ಔಷಧಿನೇ ಹೊಡೆಯಲ್ಲ ಅನ್ನೋದು ಇಟಲಿಯವರಲ್ಲೂ ಇರೋ ತಪ್ಪು ತಿಳುವಳಿಕೆ. ಪ್ರಯೋಗಶಾಲೆಯಲ್ಲಿ ತಯಾರಾದ ಔಷಧಿ ಬೇಡ ಅಂತ ನಿಯಮ ಇರೋದು, ತಾಮ್ರ ಮತ್ತು ಗಂಧಕಕ್ಕೆ ಒಪ್ಪಿಗೆ ಇದೆ. ಗಿಡದೊಳಗೆ ಹೀರಿಕೊಂಡು ಕೆಲಸ ಮಾಡೋ ಔಷಧಿ ಸಾಮಾನ್ಯ ರೈತನಿಗೆ ಸಿಗುತ್ತೆ, ಮಳೆ ಬಂದ್ರೂ ಅವನು ಒಂದೆರಡು ವಾರ ನೆಮ್ಮದಿಯಾಗಿರ್ತಾನೆ. ತಾಮ್ರ ಹಾಗಲ್ಲ, ಎಲೆ ಮೇಲಷ್ಟೇ ಕೂತಿರುತ್ತೆ, ಜೋರು ಮಳೆಗೆ ತೊಳೆದುಹೋಗುತ್ತೆ, ಹೊಸ ಚಿಗುರಿಗೆ ರಕ್ಷಣೆ ಇರಲ್ಲ, ರೋಗ ಹತ್ತಿದ ಮೇಲೆ ಹೊಡೆದು ಪ್ರಯೋಜನ ಇಲ್ಲ, ಮಳೆಗೆ ಮುಂಚೆನೇ ಹೊಡೀಬೇಕು. ಹಾಗಾಗಿ ಮೇ, ಜೂನ್ ತಿಂಗಳಲ್ಲಿ ಆರ್ಗ್ಯಾನಿಕ್ ತೋಟದವರ ಟ್ರಾಕ್ಟರ್ ಪಕ್ಕದ ತೋಟದವರದಕ್ಕಿಂತ ಜಾಸ್ತಿ ಓಡಾಡುತ್ತೆ, ಭಾನುವಾರ ಬೆಳಗ್ಗೆ 5 ಗಂಟೆಗೆ ಹವಾಮಾನ ವರದಿ ನೋಡ್ಕೊಂಡು ಹೊರಡೋ ಅಪ್ಪಂದಿರನ್ನ ನಾನು ಬೇಕಾದಷ್ಟು ನೋಡಿದ್ದೀನಿ.

ಇದರಲ್ಲಿ ನಿಜವಾದ ಅಪಾಯ ಇರೋದು ಮಣ್ಣಿಗೆ. ತಾಮ್ರ ಲೋಹ, ಕೊಳೆಯಲ್ಲ ಕರಗಲ್ಲ, ವರ್ಷದಿಂದ ವರ್ಷಕ್ಕೆ ಮೇಲ್ಮಣ್ಣಲ್ಲಿ ಕೂತು ಎರೆಹುಳ, ಸೂಕ್ಷ್ಮಜೀವಿಗಳಿಗೆ ಕಾಟ ಕೊಡುತ್ತೆ. ಅದಕ್ಕೇ 2019ರಿಂದ ಯೂರೋಪಿನಲ್ಲಿ ಮಿತಿ ಬಿಗಿ ಮಾಡಿದ್ದಾರೆ, 7 ವರ್ಷದಲ್ಲಿ ಹೆಕ್ಟೇರಿಗೆ 28 ಕಿಲೋ, ಅಂದ್ರೆ ವರ್ಷಕ್ಕೆ ಸರಾಸರಿ 4 ಕಿಲೋ ತಾಮ್ರ. ನಿಮ್ಮ ಮನೆಯವರ ಲೆಕ್ಕದಲ್ಲಿ ಹೇಳೋದಾದ್ರೆ ಮೈಲುತುತ್ತದಲ್ಲಿ ತಾಮ್ರ ಕಾಲು ಭಾಗ, ಹಾಗಾಗಿ 4 ಕಿಲೋ ತಾಮ್ರ ಅಂದ್ರೆ 16 ಕಿಲೋ ಮೈಲುತುತ್ತ, ನೂರು ಲೀಟರಿಗೆ ಒಂದು ಕಿಲೋ ಹಾಕೋ ಶೇಕಡಾ 1ರ ಬೋರ್ಡೋ ಆದ್ರೆ ಎರಡೂವರೆ ಎಕರೆಗೆ ಇಡೀ ವರ್ಷಕ್ಕೆ 1600 ಲೀಟರ್. ಅಡಿಕೆಯವರಿಗೆ ಇದು ಎಷ್ಟು ಕಡಿಮೆ ಅಂತ ತಕ್ಷಣ ಗೊತ್ತಾಗುತ್ತೆ. ಇಷ್ಟನ್ನೇ ಎಂಟು ಹತ್ತು ಸಲಕ್ಕೆ ಹಂಚಿ, ತೆಳ್ಳಗೆ ಹೊಡೀಬೇಕು. 2023ರಲ್ಲಿ ಮಾರ್ಕೆ, ಅಬ್ರುಝೊ ಕಡೆ ಮೇ ಜೂನ್ ಪೂರ್ತಿ ಮಳೆ ಹಿಡಿದು, ಟ್ರಾಕ್ಟರ್ ಇಳಿಸೋಕೆ ಗದ್ದೆಯಂಥ ಕೆಸರು, ಹೊಡೆದಿದ್ದು ಹೊಡೆದ ಹಾಗೇ ತೊಳೆದುಹೋಗಿ ಆರ್ಗ್ಯಾನಿಕ್‌ನವರು ಎಷ್ಟೋ ಜನ ಬೆಳೆಯ ಬಹುಪಾಲು ಕಳ್ಕೊಂಡ್ರು, ಗೊಂಚಲು ಕಂದಾಗಿ ಒಣಗಿ ನೇತಾಡ್ತಿತ್ತು. ಆ ವರ್ಷ ಸರ್ಟಿಫಿಕೇಟ್ ಬಿಟ್ಟು ಬೇರೆ ಔಷಧಿಗೆ ಕೈ ಹಾಕಿದೋರೂ ಇದ್ದಾರೆ, ಅವರನ್ನ ದೂರೋಕೆ ನನಗೆ ಮನಸ್ಸು ಬರಲ್ಲ. ಬಿಡದೇ ಉಳಿದೋರ ಬಗ್ಗೆ ನನಗೆ ಅಪಾರ ಗೌರವ ಇದೆ.

ಬಾಟಲಿಯೊಳಗೆ ಆ ತಾಮ್ರ ಎಷ್ಟು ಬರುತ್ತೆ ಅಂದ್ರೆ ಅತ್ಯಲ್ಪ. ಕೊಯ್ಲಿಗೆ ಇಷ್ಟು ದಿನ ಮುಂಚೆ ನಿಲ್ಲಿಸಬೇಕು ಅಂತ ನಿಯಮ ಇದೆ, ರಸದಲ್ಲಿ ಬಂದಿದ್ದನ್ನ ಹುದುಗು ಬರೋವಾಗ ಯೀಸ್ಟ್ ಹೀರಿಕೊಂಡು ತಳಕ್ಕೆ ಕೂರುತ್ತೆ, ವೈನ್‌ನಲ್ಲಿ ಲೀಟರಿಗೆ 1 ಮಿಲಿಗ್ರಾಂ ದಾಟೋ ಹಾಗಿಲ್ಲ.

ಇನ್ನು ಮೀನು, ಮೊಟ್ಟೆ. ನೀವು ಓದಿದ್ದು ನಿಜ. ಹೊಸ ವೈನ್‌ನಲ್ಲಿ ತೇಲೋ ಕಣಗಳನ್ನ, ಕಹಿ ಒಗರನ್ನ ತೆಗೆಯೋಕೆ ಯಾವುದಾದ್ರೂ ಪ್ರೋಟೀನ್ ಅಥವಾ ಜೇಡಿಮಣ್ಣು ಬೆರೆಸ್ತಾರೆ, ಅದು ಕೊಳೆಯನ್ನ ಹಿಡ್ಕೊಂಡು ತಳಕ್ಕೆ ಇಳಿಯುತ್ತೆ, ಮೇಲಿನ ತಿಳಿಯನ್ನ ಬೇರೆ ಮಾಡ್ತಾರೆ. ಇದಕ್ಕೆ ಬಳಸೋದರಲ್ಲಿ ಮೊಟ್ಟೆಯ ಬಿಳಿ ಇದೆ, ಹಾಲಿನ ಕೇಸಿನ್ ಇದೆ, ಮೀನಿನ ಗಾಳಿಚೀಲದಿಂದ ಮಾಡಿದ ಅಂಟಿದೆ, ಪ್ರಾಣಿಗಳ ಚರ್ಮ ಮೂಳೆಯಿಂದ ಮಾಡಿದ ಜೆಲಾಟಿನ್ ಇದೆ. ಬಟಾಣಿ ಪ್ರೋಟೀನ್, ಆಲೂಗಡ್ಡೆ ಪ್ರೋಟೀನ್, ಬೆಂಟೊನೈಟ್ ಅನ್ನೋ ಜೇಡಿಮಣ್ಣು ಕೂಡ ಇದೆ. ಆರ್ಗ್ಯಾನಿಕ್ ನಿಯಮದಲ್ಲಿ ಇವೆಲ್ಲಕ್ಕೂ ಒಪ್ಪಿಗೆ ಇದೆ, ಮೀನಿನ ಅಂಟಿಗೂ. ಯೂರೋಪಿನ ಆರ್ಗ್ಯಾನಿಕ್ ಗುರುತಾದ ಹಸಿರು ಎಲೆಯ ಮುದ್ರೆ ಬೆಳೆದಿದ್ದು ಹೇಗೆ, ಮಾಡಿದ್ದು ಹೇಗೆ ಅಂತ ಹೇಳುತ್ತೆ, ಸಸ್ಯಾಹಾರಿನಾ ಅನ್ನೋದು ಅದರ ಕೆಲಸ ಅಲ್ಲ. ನಮ್ಮಲ್ಲಿ ಬಿಸ್ಕತ್ ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ನೋಡಿ ರೂಢಿ ಆಗಿರೋರು ಈ ಎರಡು ಹಸಿರನ್ನ ಒಂದೇ ಅಂದ್ಕೊಳ್ಳೋದನ್ನ ನಾನು ಬಹಳ ನೋಡಿದ್ದೀನಿ.

ಲೇಬಲ್ ಎಷ್ಟು ಹೇಳುತ್ತೆ ಅನ್ನೋದನ್ನೂ ತಿಳ್ಕೊಳ್ಳಿ. ಮೊಟ್ಟೆ, ಹಾಲಿನ ಅಂಶ ವೈನ್‌ನಲ್ಲಿ ಪರೀಕ್ಷೆಗೆ ಸಿಗೋಷ್ಟು ಉಳಿದಿದ್ರೆ ಅಲರ್ಜಿ ಕಾರಣಕ್ಕೆ ಬರೀಲೇಬೇಕು. ಉಳಿದಿಲ್ಲದಿದ್ರೆ ಬರೀಬೇಕಾಗಿಲ್ಲ, ಬಳಸಿದ್ರೂ ಸರಿ. ಮೀನಿನ ಅಂಟಿಗೆ ಆ ನಿಯಮದಿಂದಲೇ ವಿನಾಯ್ತಿ ಇದೆ. 2023ರ ಡಿಸೆಂಬರ್ 8ರ ನಂತರ ತಯಾರಾದ ವೈನ್‌ಗೆ ಪದಾರ್ಥಗಳ ಪಟ್ಟಿ ಕೊಡಬೇಕು, ನಿಮ್ಮ 2024ರ ಬಾಟಲಿ ಹಿಂದೆ ಕ್ಯೂಆರ್ ಕೋಡ್ ಇದ್ರೆ ಅದರಲ್ಲಿ ಆ ಪಟ್ಟಿ ಸಿಗುತ್ತೆ, ಆದ್ರೆ ತಿಳಿ ಮಾಡೋಕೆ ಹಾಕಿ ತೆಗೆದುಬಿಟ್ಟಿದ್ದು ಪದಾರ್ಥದ ಲೆಕ್ಕಕ್ಕೆ ಬರಲ್ಲ, ಹಾಗಾಗಿ ಅಲ್ಲೂ ಕಾಣಿಸಲ್ಲ. ಉಳಿಯೋ ದಾರಿ ಎರಡು. ವೀಗನ್ ಅಂತ ಸರ್ಟಿಫಿಕೇಟ್ ಮುದ್ರೆ ಇರೋದನ್ನ ತಗೊಳ್ಳೋದು, ಇದು ಸುಲಭ, ಆದ್ರೆ ಆ ಮುದ್ರೆಗೆ ದುಡ್ಡು ಕೊಡದ, ನಿಜಕ್ಕೂ ಜೇಡಿಮಣ್ಣು ಬಿಟ್ಟು ಬೇರೇನೂ ಮುಟ್ಟದ ಎಷ್ಟೋ ಚಿಕ್ಕ ವೈನರಿಗಳು ಕೈತಪ್ಪುತ್ತವೆ. ಇನ್ನೊಂದು, ಮಾಡಿದೋರನ್ನೇ ಕೇಳೋದು. ಮನೆಮಂದಿ ವೈನರಿಯಿಂದ ತಗೊಳ್ಳೋದರ ದೊಡ್ಡ ಲಾಭ ನನ್ನ ಪ್ರಕಾರ ಇದೇ, ಫೋನ್ ಎತ್ತೋ ಮಗಳೇ ಆ ಟ್ಯಾಂಕಿಗೆ ಏನು ಹಾಕ್ಬೇಕು ಅಂತ ನಿರ್ಧಾರ ಮಾಡಿರ್ತಾಳೆ. ಇವತ್ತು ಚಿಕ್ಕ ಸೆಲ್ಲರ್‌ಗಳಲ್ಲಿ ವೈಟ್ ವೈನ್‌ಗೆ ಬೆಂಟೊನೈಟ್ ಸಾಮಾನ್ಯ, ಕೆಲವರು ಏನೂ ಹಾಕದೇ ತಿಂಗಳುಗಟ್ಟಲೆ ತಾನಾಗೇ ತಿಳಿಯಾಗೋಕೆ ಬಿಡ್ತಾರೆ. ಆದ್ರೆ ಕೇಸಿನ್ ಹಾಕೋರೂ ಇದ್ದಾರೆ, ಹಾಲು ನಿಮಗೆ ನಡೆಯುತ್ತೆ ಅಂದ್ಕೊಳ್ತೀನಿ, ವೀಗನ್ ಆಗಿರೋರಿಗೆ ನಡೆಯಲ್ಲ.

ಬೆಲೆ ಬಗ್ಗೆ ನೀವು ನೇರವಾಗಿ ಕೇಳಿಲ್ಲ, ಆದ್ರೂ ಟೋಪಿ ಅನ್ನೋ ಮಾತು ಬಂದಿರೋದ್ರಿಂದ ಹೇಳ್ತೀನಿ. ಸೂಪರ್‌ಮಾರ್ಕೆಟ್‌ನಲ್ಲಿ ವೆರ್ದಿಕ್ಕಿಯೊ ಇದರ ಅರ್ಧ ಬೆಲೆಗೆ ಸಿಗುತ್ತೆ, ಅದರಲ್ಲಿ ಕೆಲವು ಚೆನ್ನಾಗೂ ಇರುತ್ತೆ, ದೊಡ್ಡವರು ಅಂದ ಮಾತ್ರಕ್ಕೆ ಕೆಟ್ಟದ್ದಲ್ಲ, ಕುಟುಂಬ ಅಂದ ಮಾತ್ರಕ್ಕೆ ಒಳ್ಳೇದೂ ಅಲ್ಲ. ಗುಡ್ಡದ ಇಳಿಜಾರಿನಲ್ಲಿ ಕೈಯಲ್ಲಿ ಕೊಯ್ದು, ಮೂರು ವರ್ಷ ಆರ್ಗ್ಯಾನಿಕ್‌ಗೆ ಬದಲಾಗೋ ಅವಧಿಯಲ್ಲಿ ಖರ್ಚೆಲ್ಲ ಮಾಡಿ ಮುದ್ರೆ ಇಲ್ಲದೇ ಮಾರಿ, 2023ರಂಥ ವರ್ಷ ದಾಟಿ ಬಂದೋರಿಗೆ 11 ಯೂರೋ ಹೆಚ್ಚಲ್ಲ. ಅವರದೇ ತೋಟದ್ದಾ ಅಂತ ನೋಡೋಕೆ ಹಿಂದಿನ ಲೇಬಲ್‌ನಲ್ಲಿ 'ಇಂಬೊತ್ತಿಲ್ಯಾತೊ ಆಲ್ಲೊರಿಜಿನೆ' ಅನ್ನೋ ಸಾಲು ಹುಡುಕಿ, ಬೆಳೆದು ಮಾಡಿದ ಕಡೆಯಲ್ಲೇ ತುಂಬಿದ್ದು ಅಂತ ಅದು ಹೇಳುತ್ತೆ. ಬರೀ 'ಇಂಬೊತ್ತಿಲ್ಯಾತೊ ದಾ' ಅಂತ ಒಂದು ಕಂಪನಿ ಹೆಸರಿದ್ರೆ ಬೇರೆ ಕಡೆ ವೈನ್ ಕೊಂಡು ತುಂಬಿರೋ ಸಾಧ್ಯತೆ ಇದೆ. ಹಸಿರು ಎಲೆಯ ಮುದ್ರೆ ಹತ್ರ ಐಟಿ ಬಯೋ ಅಂತ ಶುರುವಾಗೋ ಕೋಡ್ ಇರಬೇಕು, ಅದು ತಪಾಸಣೆ ಮಾಡಿದ ಸಂಸ್ಥೆಯ ಗುರುತು. ಬಾಯಲ್ಲಿ ಆರ್ಗ್ಯಾನಿಕ್ ಅಂದು ಬಾಟಲಿ ಮೇಲೆ ಈ ಕೋಡ್ ಇಲ್ಲದಿದ್ರೆ ಆಗ ಭಾವನವರ ಅನುಮಾನಕ್ಕೆ ಜಾಗ ಇದೆ. ಕುಡಿದಾಗ ಕೊನೆಗೆ ಬಾದಾಮಿ ಸಿಪ್ಪೆಯಂಥ ಸಣ್ಣ ಕಹಿ ಬಂದ್ರೆ ಅದನ್ನ ದೋಷ ಅಂತ ತಿಳೀಬೇಡಿ, ವೆರ್ದಿಕ್ಕಿಯೊದ ಗುಣವೇ ಅದು.

ಊರಿಗೆ ಒಯ್ಯೋದು ಕಾನೂನು ಪ್ರಕಾರ ಕಷ್ಟ ಇಲ್ಲ, ಒಬ್ಬರಿಗೆ 2 ಲೀಟರ್‌ವರೆಗೆ ಸುಂಕ ಇಲ್ಲದೇ ತರಬಹುದು, ಎರಡು ಬಾಟಲಿ ಅಂದ್ರೆ ಒಂದೂವರೆ ಲೀಟರ್. ಚೆಕ್-ಇನ್ ಬ್ಯಾಗಿನಲ್ಲಿ ಬಟ್ಟೆ ಮಧ್ಯೆ ಸುತ್ತಿಡಿ, ದಾರಿಯಲ್ಲಿ ತಣ್ಣಗಾಗಿ ಇನ್ನೊಂದಷ್ಟು ಹರಳು ಕೂರಬಹುದು. ಮಬ್ಬಾಗಿರೋದನ್ನ ಒಯ್ಯಬೇಡಿ. ಶಿರಸಿ ಡಿಸೆಂಬರ್ ಹವೆಗೆ ಕತ್ತಲೆ ಕೋಣೆಯಲ್ಲಿ ಚೆನ್ನಾಗೇ ಇರುತ್ತೆ, ಮಾರ್ಚ್ ತನಕ ಅಟ್ಟದ ಮೇಲೆ ಇಟ್ರೆ ಬೊಲೊನ್ಯಾ ಅಡುಗೆಮನೆ ಶೆಲ್ಫಿನ ಕಥೆನೇ ಆಗುತ್ತೆ.

ವೈನರಿಯವರಿಗೆ ಬರೀಬೇಕಾದ ಪ್ರಶ್ನೆ ಒಂದೇ ಸಾಲು: 'ಕೊನ್ ಕೋಸಾ ಕ್ಯಾರಿಫಿಕಾತೆ ಇಲ್ ವೆರ್ದಿಕ್ಕಿಯೊ?' ವೆರ್ದಿಕ್ಕಿಯೊವನ್ನ ಯಾವುದರಿಂದ ತಿಳಿ ಮಾಡ್ತೀರಿ ಅಂತ. ಬೆಂತೊನೀತೆ ಅಂದ್ರೆ ಜೇಡಿಮಣ್ಣು, ಪ್ರೊತೆಯೀನಾ ದಿ ಪಿಸೆಲ್ಲೊ ಅಂದ್ರೆ ಬಟಾಣಿ, ಕಾಸೆಯೀನಾ ಅಂದ್ರೆ ಹಾಲಿನದು. ಆಲ್ಬುಮೀನಾ ಅಂದ್ರೆ ಮೊಟ್ಟೆ, ಕೊಲ್ಲಾ ದಿ ಪೆಶೆ ಅಂದ್ರೆ ಮೀನು, ಜೆಲಾತೀನಾ ಅಂದ್ರೆ ಪ್ರಾಣಿಯದು, ಈ ಮೂರರಲ್ಲಿ ಒಂದು ಬಂದ್ರೆ ಉಳಿದ ಬಾಟಲಿಗಳನ್ನ ಮೀನು ಮಾಂಸ ತಿನ್ನೋ ಸ್ನೇಹಿತರಿಗೆ ಕೊಟ್ಟುಬಿಡಿ. ಅದೇ ಮೆಸೇಜಿನಲ್ಲಿ ಮಬ್ಬಾದ ಬಾಟಲಿಯ ಫೋಟೋ ಕೂಡ ಹಾಕಿ, ಈ ಬಾಟಲಿಯಲ್ಲಿ ಒಟ್ಟು ಸಲ್ಫೈಟ್ ಎಷ್ಟು ಅಂತಲೂ ಕೇಳಿ, ಅವರ ಹತ್ರ ಲ್ಯಾಬ್ ರಿಪೋರ್ಟ್ ಇರುತ್ತೆ, ಮಾವನವರ ಡಾಕ್ಟರಿಗೆ ತೋರಿಸೋಕೆ ಆ ಅಂಕಿ ಬೇಕಾಗುತ್ತೆ.